ಡಿಸ್ಕ್ ತುಂಬಿದೆ ಅನ್ನುತ್ತದೆ, ಯಾವುದು ತುಂಬಿದೆ? ಲಿನಕ್ಸ್ ಸರ್ವರ್‌ನಲ್ಲಿ ಜಾಗದ ದೋಷ ಹುಡುಕುವ ಬಗೆ

ಬೆಳಗ್ಗೆ ಏಳೂವರೆ ದಾಟಿತ್ತು. ಫೋನ್ ಬಂತು. "ಸೈಟ್ ಓಪನ್ ಆಗ್ತಿಲ್ಲ." ಕಾಫಿ ಲೋಟ ಪಕ್ಕಕ್ಕಿಟ್ಟು ಎಸ್‌ಎಸ್‌ಎಚ್ ಮೂಲಕ ಸರ್ವರ್‌ಗೆ ಹೋದೆ. ಲಾಗಿನ್ ಏನೋ ಆಯಿತು. ಫೋಲ್ಡರ್ ಹೆಸರು ಪೂರ್ತಿ ಬರೆಯಲು ಸೋಮಾರಿತನ, ಟ್ಯಾಬ್ ಒತ್ತಿದೆ. ಹೆಸರು ಬರುವ ಬದಲು ಇದು ಬಂತು:

"ಕೆನಾಟ್ ಕ್ರಿಯೇಟ್ ಟೆಂಪ್ ಫೈಲ್ ಫಾರ್ ಹಿಯರ್-ಡಾಕ್ಯುಮೆಂಟ್: ನೋ ಸ್ಪೇಸ್ ಲೆಫ್ಟ್ ಆನ್ ಡಿವೈಸ್"

ಟ್ಯಾಬ್ ಒತ್ತಿದರೆ ಬ್ಯಾಶ್ (ನಾವು ಟೈಪ್ ಮಾಡಿದ ಕಮ್ಯಾಂಡ್ ಓದಿ ನಡೆಸುವ ಪ್ರೋಗ್ರಾಂ) ಒಳಗೊಳಗೇ ಒಂದು ತಾತ್ಕಾಲಿಕ ಫೈಲ್ ಬರೆಯಲು ನೋಡುತ್ತದೆ. ಅದಕ್ಕೂ ಜಾಗ ಇಲ್ಲ. ಹಳೆಯ ಬ್ಯಾಶ್ ಇರುವ ಸರ್ವರ್‌ಗಳಲ್ಲಿ ಡಿಸ್ಕ್ ತುಂಬಿದ ಮೊದಲ ಸುಳಿವು ಹೀಗೇ ಸಿಗುವುದು. ಆದರೆ "ಜಾಗ ಇಲ್ಲ" ಎಂಬ ಈ ಒಂದೇ ಮಾತಿನ ಹಿಂದೆ ಕನಿಷ್ಠ ಐದಾರು ಬೇರೆ ಬೇರೆ ದೋಷಗಳಿವೆ. ಯಾವುದು ತುಂಬಿದೆ ಎಂದು ತಿಳಿಯದೆ ಸಿಕ್ಕಿದ್ದನ್ನು ಅಳಿಸುವುದೇ ನಾವೆಲ್ಲ ಮಾಡುವ ತಪ್ಪು. ನಾನೂ ಅದನ್ನೇ ಮಾಡಿದೆ.

ಒಂದು ಮಾತು. ಇಲ್ಲಿ ಕಮ್ಯಾಂಡುಗಳನ್ನು ಫೋನಿನಲ್ಲಿ ಹೇಳಿಕೊಡುವ ಹಾಗೆ, ಉಚ್ಚಾರಣೆಯಂತೆ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಬಳಸಿ. ದೊಡ್ಡಕ್ಷರ ಬೇಕಾದ ಕಡೆ ಹೇಳುತ್ತೇನೆ.

ಮೊದಲು ಮಾಡಬಾರದ್ದು

ರೀಬೂಟ್ ಮಾಡಬೇಡಿ. ಕೆಲವು ಸಲ ರೀಬೂಟ್ ಆದರೆ ಜಾಗ ವಾಪಸ್ ಬಂದುಬಿಡುತ್ತದೆ, ಏಕೆ ಎಂದು ಮುಂದೆ ಗೊತ್ತಾಗುತ್ತದೆ. ಆದರೆ ಸಾಕ್ಷಿಯೂ ಅದರ ಜೊತೆ ಹೋಗುತ್ತದೆ. ಮೂರು ದಿನ ಬಿಟ್ಟು ಅದೇ ಫೋನ್ ಮತ್ತೆ ಬರುತ್ತದೆ.

ಇನ್ನೊಂದು, ಡಿಸ್ಕ್ ತುಂಬಿರುವಾಗ ಯಾವ ಕಾನ್ಫಿಗ್ ಫೈಲನ್ನೂ ತೆರೆದು ಸೇವ್ ಮಾಡಬೇಡಿ. ಕೆಲವು ಎಡಿಟರ್‌ಗಳು ಹಳೆಯದನ್ನು ಖಾಲಿ ಮಾಡಿ ಆಮೇಲೆ ಹೊಸದನ್ನು ಬರೆಯುತ್ತವೆ. ಖಾಲಿ ಮಾಡಲು ಜಾಗ ಬೇಡ, ಬರೆಯಲು ಬೇಕು. ಕೊನೆಗೆ ಕೈಯಲ್ಲಿ ಉಳಿಯುವುದು ಸೊನ್ನೆ ಬೈಟಿನ ಫೈಲ್.

ಎರಡು ಕಮ್ಯಾಂಡ್, ಎರಡು ಪ್ರಶ್ನೆ

`ಡಿಎಫ್ -ಎಚ್`
`ಡಿಎಫ್ -ಐ`

ಮೊದಲನೆಯದು ಎಷ್ಟು ಜಿಬಿ ಬಳಕೆಯಾಗಿದೆ ಎಂದು ಹೇಳುತ್ತದೆ. ಎರಡನೆಯದು ಎಷ್ಟು ಐನೋಡ್ ಬಳಕೆಯಾಗಿದೆ ಎಂದು. ಐನೋಡ್ ಅಂದರೆ ಪ್ರತಿ ಫೈಲಿಗೂ ಬೇಕಾದ ಒಂದು ನಮೂದು. ಲೈಬ್ರರಿಯಲ್ಲಿ ಪುಸ್ತಕಕ್ಕೆ ಕಾರ್ಡ್ ಇದ್ದ ಹಾಗೆ. ಕಪಾಟಿನಲ್ಲಿ ಜಾಗ ಇದ್ದರೂ ಕಾರ್ಡು ಮುಗಿದರೆ ಹೊಸ ಪುಸ್ತಕ ಸೇರಿಸಲು ಆಗುವುದಿಲ್ಲ, ಅಲ್ವಾ? ಎರಡಕ್ಕೂ ಲಿನಕ್ಸ್ ಕೊಡುವ ಎರರ್ ಒಂದೇ. ಅದಕ್ಕೇ ಎರಡನ್ನೂ ನೋಡಬೇಕು.

ಔಟ್‌ಪುಟ್‌ನಲ್ಲಿ ಯಾವ ಸಾಲು 100% ತೋರಿಸುತ್ತಿದೆ ಎಂದು ಗಮನಿಸಿ. ರೂಟ್ (ಬರೀ / ಎಂದು ತೋರಿಸುವ ಮೂಲ ಫೈಲ್‌ಸಿಸ್ಟಮ್) ತುಂಬಿದೆಯೋ, /ವಾರ್ ಬೇರೆ ಪಾರ್ಟಿಷನ್ ಆಗಿದ್ದು ಅದು ತುಂಬಿದೆಯೋ, ಬರೀ /ಬೂಟ್ ತುಂಬಿದೆಯೋ? /ಬೂಟ್ ತುಂಬಿದ್ದರೆ ಹಳೆಯ ಕರ್ನಲ್‌ಗಳು (ಲಿನಕ್ಸಿನ ತಿರುಳಿನ ಹಳೆಯ ಆವೃತ್ತಿಗಳು) ಕೂತಿವೆ ಅಷ್ಟೇ. ಉಬುಂಟು, ಡೆಬಿಯನ್‌ಗಳಲ್ಲಿ ಸಾಮಾನ್ಯವಾಗಿ `ಆಪ್ಟ್ ಆಟೋರಿಮೂವ್` ಸಾಕು. ಸೈಟ್ ಬಿದ್ದಿದ್ದಕ್ಕೆ ಅದು ಕಾರಣ ಆಗಿರಲಿಕ್ಕಿಲ್ಲ, ಬೇರೆ ಕಡೆ ಹುಡುಕಿ.

ನನ್ನ ಸರ್ವರ್‌ನಲ್ಲಿ 40 ಜಿಬಿಯ ರೂಟ್ ಪೂರ್ತಿ 100%. ಐನೋಡ್ 11%. ಅಂದರೆ ನಿಜಕ್ಕೂ ಬೈಟುಗಳೇ ತುಂಬಿವೆ.

ಯಾರು ತಿಂದಿದ್ದು?

`ಡಿಯು -ಎಕ್ಸ್ಎಚ್ -ಡಿ1 / | ಸಾರ್ಟ್ -ಎಚ್`

ಮುಂದೆ ಸೂಡೊ ಹಾಕಿ, ಅಂದರೆ ಅಡ್ಮಿನ್ ಅಧಿಕಾರದಿಂದ ಓಡಿಸಿ. ಇಲ್ಲದಿದ್ದರೆ ಅನುಮತಿ ಇಲ್ಲದ ಫೋಲ್ಡರ್‌ಗಳು ಲೆಕ್ಕಕ್ಕೆ ಸೇರುವುದಿಲ್ಲ. ಇಲ್ಲಿರುವ ಎಕ್ಸ್ ಮುಖ್ಯ. ಬೇರೆ ಡಿಸ್ಕ್‌ಗಳ ಒಳಗೆ ಹೋಗಬೇಡ, ಈ ಒಂದರಲ್ಲೇ ಇರು ಎಂದು ಅದರ ಅರ್ಥ. ಕೊನೆಯ ಸಾಲು ಒಟ್ಟು ಲೆಕ್ಕ, ಅದರ ಹಿಂದಿನ ಸಾಲಿನಲ್ಲಿ ಅತಿ ದೊಡ್ಡ ಫೋಲ್ಡರ್ ಬರುತ್ತದೆ. / ಬದಲು ಆ ಫೋಲ್ಡರಿನ ಹೆಸರು ಕೊಟ್ಟು ಮತ್ತೆ ಅದೇ ಕಮ್ಯಾಂಡ್. ಮೂರು ನಾಲ್ಕು ಹೆಜ್ಜೆಗೆ ಕಳ್ಳ ಸಿಗುತ್ತಾನೆ.

ಬಹಳ ಸಲ ಸಿಗುವುದು ಇವರೇ. ಒಂದು, /ವಾರ್/ಲಾಗ್. ಎರಡು, ಸರ್ವಿಸ್‌ಗಳನ್ನು ನಡೆಸುವ ಸಿಸ್ಟಂಡಿ ಬರೆದಿಡುವ ಲಾಗ್, ಅಂದರೆ ಜರ್ನಲ್. ಅದು ತಾನಾಗೇ ಫೈಲ್‌ಸಿಸ್ಟಮ್‌ನ 10% ಅಥವಾ 4 ಜಿಬಿ, ಯಾವುದು ಕಡಿಮೆಯೋ ಅಲ್ಲಿಗೆ ನಿಲ್ಲುತ್ತದೆ. ಸಣ್ಣ ಸರ್ವರ್‌ಗೆ ಅದೂ ಜಾಸ್ತಿಯೇ. `ಜರ್ನಲ್‌ಸಿಟಿಎಲ್ --ವ್ಯಾಕ್ಯೂಮ್-ಸೈಜ್=200ಎಂ` ಎಂದರೆ ಹಳೆಯದು ಹೋಗುತ್ತದೆ. (ಎಂ ದೊಡ್ಡಕ್ಷರ.) ಮೂರು, ಅಪ್ಲಿಕೇಶನ್‌ಗಳನ್ನು ಕಂಟೇನರ್ ಎಂಬ ಪ್ರತ್ಯೇಕ ಡಬ್ಬಿಗಳಲ್ಲಿ ಓಡಿಸುವ ಡಾಕರ್. ಕಂಟೇನರ್ ಹೊರಹಾಕುವುದನ್ನೆಲ್ಲ ಅದು ಒಂದು ಜೇಸನ್ ಲಾಗ್‌ಗೆ ಬರೆಯುತ್ತಾ ಹೋಗುತ್ತದೆ. ನೀವಾಗಿ ಮಿತಿ ಹಾಕದಿದ್ದರೆ ಆ ಫೈಲಿಗೆ ಮಿತಿಯೇ ಇಲ್ಲ. ವರ್ಷಗಟ್ಟಲೆ ಡಾಕರ್ ಬಳಸಿದವರೂ ಇದನ್ನು ಮೊದಲ ಸಲ ಕೇಳಿ ಹೌಹಾರುವುದನ್ನು ನೋಡಿದ್ದೇನೆ.

ತುರ್ತಿಗೆ ಒಂದಿಷ್ಟು ಜಾಗ ಬೇಕಿದ್ದರೆ ಅಪಾಯವಿಲ್ಲದ ದಾರಿ `ಆಪ್ಟ್ ಕ್ಲೀನ್`. ಇಳಿಸಿಕೊಂಡ ಪ್ಯಾಕೇಜ್ ಫೈಲುಗಳು ಹೋಗುತ್ತವೆ, ಇನ್‌ಸ್ಟಾಲ್ ಆದದ್ದು ಉಳಿಯುತ್ತದೆ.

ಅಳಿಸಿದೆ, ಆದರೂ 100%

ನನ್ನ ಕಳ್ಳ ಒಂದು ಅಪ್ಲಿಕೇಶನ್ ಲಾಗ್. 6 ಜಿಬಿ. ಯಾರೋ ಡೀಬಗ್ ಮೋಡ್ ಆನ್ ಮಾಡಿ ಮರೆತಿದ್ದರು. ಯಾರೋ ಏನು, ನಾನೇ. ಖುಷಿಯಿಂದ `ಆರ್‌ಎಂ` ಹೊಡೆದೆ. ಫೈಲ್ ಹೋಯಿತು. `ಡಿಎಫ್` ನೋಡಿದೆ. ಈಗಲೂ 100%.

ಇಲ್ಲಿ ತಲೆ ಕೆಡಿಸಿಕೊಳ್ಳುವ ಮೊದಲು ಲಿನಕ್ಸ್ ಫೈಲ್ ಅಳಿಸುವುದು ಹೇಗೆ ಎಂದು ತಿಳಿಯಬೇಕು. `ಆರ್‌ಎಂ` ಅಳಿಸುವುದು ಹೆಸರನ್ನು ಮಾತ್ರ. ಯಾವುದಾದರೂ ಪ್ರೋಗ್ರಾಂ ಆ ಫೈಲನ್ನು ತೆರೆದುಕೊಂಡು ಕೂತಿದ್ದರೆ, ಅದು ಮುಚ್ಚುವವರೆಗೂ ಒಳಗಿನ ಬೈಟುಗಳು ಡಿಸ್ಕ್‌ನಲ್ಲೇ ಇರುತ್ತವೆ. ಬಾಗಿಲ ಮೇಲಿನ ನಾಮಫಲಕ ಕಿತ್ತರೆ ಬಾಡಿಗೆಯವರು ಮನೆ ಖಾಲಿ ಮಾಡಿದ ಹಾಗಲ್ಲ.

`ಡಿಯು` ಹೆಸರುಗಳನ್ನು ಹಿಡಿದು ಒಂದೊಂದೇ ಫೈಲ್ ಎಣಿಸುತ್ತದೆ. `ಡಿಎಫ್` ನೇರವಾಗಿ ಫೈಲ್‌ಸಿಸ್ಟಮನ್ನೇ ಕೇಳುತ್ತದೆ. ಹೆಸರಿಲ್ಲದ ಫೈಲ್ ಮೊದಲನೆಯದಕ್ಕೆ ಕಾಣುವುದಿಲ್ಲ, ಎರಡನೆಯದಕ್ಕೆ ಗೊತ್ತು. ಹಾಗಾಗಿ ಇವೆರಡರ ಲೆಕ್ಕದಲ್ಲಿ ದೊಡ್ಡ ವ್ಯತ್ಯಾಸ ಬಂದರೆ ಅದೇ ರೋಗಲಕ್ಷಣ. ಖಚಿತ ಮಾಡಿಕೊಳ್ಳಲು:

`ಎಲ್‌ಎಸ್‌ಒಎಫ್ +ಎಲ್1`

ಪ್ಲಸ್ ಪಕ್ಕದ ಎಲ್ ದೊಡ್ಡಕ್ಷರ. ತೆರೆದಿದ್ದೂ ಹೆಸರು ಕಳೆದುಕೊಂಡ ಫೈಲುಗಳನ್ನು ಇದು ತೋರಿಸುತ್ತದೆ. ಪ್ರೋಗ್ರಾಂ ಹೆಸರು, ಅದರ ಪ್ರೊಸೆಸ್ ಸಂಖ್ಯೆ, ಎಫ್‌ಡಿ ಸಂಖ್ಯೆ (ತೆರೆದ ಫೈಲಿಗೆ ಆ ಪ್ರೋಗ್ರಾಮಿನಲ್ಲಿರುವ ಗುರುತು), ಗಾತ್ರ, ಕೊನೆಯಲ್ಲಿ "ಡಿಲೀಟೆಡ್" ಎಂಬ ಪದ. ನನ್ನ 6 ಜಿಬಿ ಅಲ್ಲೇ ಕೂತಿತ್ತು.

ಬಿಡಿಸುವುದು ಸುಲಭ. ಆ ಸರ್ವಿಸನ್ನು ರೀಸ್ಟಾರ್ಟ್ ಮಾಡಿದರೆ ಫೈಲ್ ಮುಚ್ಚಿಕೊಂಡು ಜಾಗ ಬರುತ್ತದೆ. ರೀಬೂಟ್ ಮಾಡಿದಾಗ "ತಾನಾಗೇ ಸರಿಹೋಯಿತು" ಅನಿಸುವುದಕ್ಕೂ ಇದೇ ಕಾರಣ. ರೀಸ್ಟಾರ್ಟ್ ಮಾಡುವ ಹಾಗಿಲ್ಲ ಎಂದಾದರೆ ಇನ್ನೊಂದು ದಾರಿ ಇದೆ. ಪ್ರೊಸೆಸ್ ಸಂಖ್ಯೆ 1432, ಎಫ್‌ಡಿ 7 ಎಂದುಕೊಳ್ಳಿ:

`ಟ್ರಂಕೇಟ್ -ಎಸ್ 0 /ಪ್ರಾಕ್/1432/ಎಫ್‌ಡಿ/7`

ಫೈಲ್ ತೆರೆದೇ ಇರುತ್ತದೆ, ಒಳಗೆ ಮಾತ್ರ ಖಾಲಿ. ಸಂಖ್ಯೆ ಎರಡೆರಡು ಸಲ ನೋಡಿ ಹೊಡೆಯಿರಿ. ಅದು ಲಾಗ್ ಅಲ್ಲದೆ ಡೇಟಾಬೇಸಿನ ಫೈಲ್ ಆಗಿದ್ದರೆ ಕಥೆ ಮುಗಿಯಿತು.

ಹಾಗಾದರೆ ಮೊದಲೇ ಏನು ಮಾಡಬೇಕಿತ್ತು? ಓಡುತ್ತಿರುವ ಪ್ರೋಗ್ರಾಮಿನ ಲಾಗನ್ನು `ಆರ್‌ಎಂ` ಮಾಡಬಾರದಿತ್ತು. ಹೆಸರು ಇರುವಾಗಲೇ `ಟ್ರಂಕೇಟ್ -ಎಸ್ 0` ಹೊಡೆಯಬೇಕಿತ್ತು. ಇದರಲ್ಲೂ ಒಂದು ಸಣ್ಣ ಮೋಸ ಇದೆ. ಪ್ರೋಗ್ರಾಂ ಆ ಫೈಲನ್ನು ಅಪೆಂಡ್ ಮೋಡ್‌ನಲ್ಲಿ (ಯಾವಾಗಲೂ ಫೈಲಿನ ಕೊನೆಗೇ ಸೇರಿಸುವ ಬಗೆ) ತೆರೆದಿರದಿದ್ದರೆ, ಖಾಲಿ ಮಾಡಿದ ಮೇಲೂ ತಾನು ನಿಂತಿದ್ದ 6 ಜಿಬಿಯ ಗುರುತಿನಿಂದಲೇ ಮುಂದೆ ಬರೆಯುತ್ತದೆ. ಆಗ `ಎಲ್‌ಎಸ್ -ಎಲ್` 6 ಜಿಬಿ ಎಂದೇ ತೋರಿಸುತ್ತದೆ, `ಡಿಯು` ಕೆಲವು ಕೆಬಿ ಅನ್ನುತ್ತದೆ. `ಡಿಯು` ಹೇಳುವುದು ಸರಿ. ನಡುವೆ ಇರುವುದು ಡಿಸ್ಕ್‌ನಲ್ಲಿ ಜಾಗ ಹಿಡಿಯದ ತೂತು.

ಶಾಶ್ವತ ಪರಿಹಾರ ಲಾಗ್‌ರೊಟೇಟ್, ಹಳೆಯ ಲಾಗನ್ನು ಬದಿಗಿಟ್ಟು ಹೊಸದು ಶುರು ಮಾಡುವ ಸಾಧನ. ಅದನ್ನು ಹಾಕಿಯೂ ಇದೇ ತೊಂದರೆ ಬರುತ್ತಿದ್ದರೆ, ಲಾಗ್ ತಿರುಗಿಸಿದ ಮೇಲೆ ಪ್ರೋಗ್ರಾಮಿಗೆ ಸುದ್ದಿ ಮುಟ್ಟುತ್ತಿಲ್ಲ ಎಂದು ಅರ್ಥ. ಎನ್‌ಜಿನ್ಎಕ್ಸ್ ಎಂಬ ವೆಬ್ ಸರ್ವರ್‌ಗೆ ಯುಎಸ್ಆರ್1 ಸಿಗ್ನಲ್ ಕಳಿಸಿದರೆ ಲಾಗನ್ನು ಹೊಸದಾಗಿ ತೆರೆಯುತ್ತದೆ. ಸಿಗ್ನಲ್ ಅರ್ಥವಾಗದ ಪ್ರೋಗ್ರಾಮಿಗೆ ಕಾಪಿಟ್ರಂಕೇಟ್ ಆಯ್ಕೆ ಇದೆ. ನಕಲು ಮಾಡಿ ಖಾಲಿ ಮಾಡುವ ನಡುವಿನ ಕ್ಷಣದಲ್ಲಿ ಕೆಲವು ಸಾಲು ಕಳೆದುಹೋಗಬಹುದು. ನನಗೆ ಅದು ಪರವಾಗಿಲ್ಲ.

ಲೆಕ್ಕ ಸೇರದಿದ್ದರೆ ಇನ್ನೂ ಎರಡು ಜಾಗ

`ಎಲ್‌ಎಸ್‌ಒಎಫ್` ಏನೂ ತೋರಿಸಲಿಲ್ಲ, ಆದರೂ `ಡಿಎಫ್` ಮತ್ತು `ಡಿಯು` ಜಗಳ ಆಡುತ್ತಿವೆ. ಆಗ ಮೌಂಟ್ ಆದ, ಅಂದರೆ ಬೇರೆ ಡಿಸ್ಕ್ ಜೋಡಿಸಿದ ಫೋಲ್ಡರಿನ ಕೆಳಗೆ ಬಗ್ಗಿ ನೋಡಿ. /ಬ್ಯಾಕಪ್ ಎಂಬ ಫೋಲ್ಡರಿಗೆ ಬೇರೆ ಡಿಸ್ಕ್ ಮೌಂಟ್ ಆಗುತ್ತದೆ ಎಂದುಕೊಳ್ಳಿ. ಒಂದು ರಾತ್ರಿ ಆ ಡಿಸ್ಕ್ ಮೌಂಟ್ ಆಗಲಿಲ್ಲ. ಬ್ಯಾಕಪ್ ಸ್ಕ್ರಿಪ್ಟ್‌ಗೆ ಅದೆಲ್ಲ ಗೊತ್ತಾಗುವುದಿಲ್ಲ, ಅದೇ ಹೆಸರಿನ ಖಾಲಿ ಫೋಲ್ಡರಿಗೆ ಸುರಿಯಿತು. ಬೆಳಗ್ಗೆ ಡಿಸ್ಕ್ ಮತ್ತೆ ಮೌಂಟ್ ಆಯಿತು. ಸುರಿದದ್ದು ಅದರಡಿ ಹೂತುಹೋಯಿತು. ಜಾಗ ತಿನ್ನುತ್ತದೆ, ಕಾಣುವುದಿಲ್ಲ.

`ಮೌಂಟ್ --ಬೈಂಡ್ / /ಎಂಎನ್‌ಟಿ`

ಆಮೇಲೆ /ಎಂಎನ್‌ಟಿ ಒಳಗೆ `ಡಿಯು` ಓಡಿಸಿ. ಮೇಲೆ ಹೊದಿಸಿದ ಮೌಂಟುಗಳು ಇಲ್ಲಿ ಬರುವುದಿಲ್ಲ, ಅಡಿಯಲ್ಲಿ ಇದ್ದದ್ದು ಕಾಣುತ್ತದೆ. ಕೆಲಸ ಮುಗಿದ ಮೇಲೆ ಅನ್‌ಮೌಂಟ್ ಮಾಡಲು ಮರೆಯಬೇಡಿ. ಸ್ಕ್ರಿಪ್ಟಿನ ತುದಿಯಲ್ಲಿ `ಮೌಂಟ್‌ಪಾಯಿಂಟ್ -ಕ್ಯು /ಬ್ಯಾಕಪ್` ಎಂಬ ಪರೀಕ್ಷೆ ಸೇರಿಸಿದರೆ ಇದು ಮತ್ತೆ ಆಗುವುದಿಲ್ಲ. ತುದಿ ಅಂದರೆ ಮೊದಲ ಸಾಲು, ಕೊನೆಯದಲ್ಲ.

ಎರಡನೆಯದು ಕಾಯ್ದಿಟ್ಟ ಜಾಗ. ಇಎಕ್ಸ್‌ಟಿ4 ಎಂಬ ಫೈಲ್‌ಸಿಸ್ಟಮ್ ಮಾಡುವಾಗಲೇ ಸಾಮಾನ್ಯವಾಗಿ 5% ಜಾಗವನ್ನು ರೂಟ್ ಎಂಬ ಅಡ್ಮಿನ್ ಬಳಕೆದಾರನಿಗೆ ಎತ್ತಿಡುತ್ತದೆ. ಆದ್ದರಿಂದ ರೂಟ್ ಆಗಿ ಫೈಲ್ ಬರೆದರೆ ಬರೆಯುತ್ತದೆ, ಅಪ್ಲಿಕೇಶನ್ ಬರೆದರೆ ಜಾಗ ಇಲ್ಲ ಅನ್ನುತ್ತದೆ. ನೀವು "ನನಗೆ ಸರಿ ಇದೆಯಲ್ಲ" ಅನ್ನುತ್ತೀರಿ, ಡೆವಲಪರ್ "ಇಲ್ಲ" ಅನ್ನುತ್ತಾರೆ. ಇಬ್ಬರೂ ನಿಜ ಹೇಳುತ್ತಿರುತ್ತೀರಿ. ಒಂದು ಟಿಬಿ ಡೇಟಾ ಡಿಸ್ಕ್‌ನಲ್ಲಿ ಈ 5% ಅಂದರೆ 50 ಜಿಬಿ, ಸುಮ್ನೆ ಬಿದ್ದಿರುತ್ತದೆ. `ಟ್ಯೂನ್2ಎಫ್‌ಎಸ್ -ಎಂ 1` ಎಂದು ಡಿಸ್ಕ್ ಹೆಸರು ಕೊಟ್ಟರೆ 1%ಗೆ ಇಳಿಯುತ್ತದೆ, ಡಿಸ್ಕ್ ಓಡುತ್ತಿರುವಾಗಲೇ ಮಾಡಬಹುದು. ಆದರೆ ರೂಟ್ ಫೈಲ್‌ಸಿಸ್ಟಮ್‌ಗೆ ಹೀಗೆ ಮಾಡಬೇಡಿ ಎಂದೇ ನನ್ನ ಸಲಹೆ. ತುಂಬಿದ ದಿನ ಲಾಗಿನ್ ಆಗಿ ಸರಿಮಾಡಲು ಸಾಧ್ಯವಾಗುವುದು ಅದೇ 5%ನಿಂದ.

ಐನೋಡ್ ಮುಗಿದಿದ್ದರೆ

`ಡಿಎಫ್ -ಐ` 100% ತೋರಿಸಿದರೆ ದೊಡ್ಡ ಫೈಲ್ ಹುಡುಕಿ ಪ್ರಯೋಜನ ಇಲ್ಲ. ಇಲ್ಲಿ ಸಮಸ್ಯೆ ಲಕ್ಷಗಟ್ಟಲೆ ಪುಟಾಣಿ ಫೈಲುಗಳು. ಇಎಕ್ಸ್‌ಟಿ4 ಸಾಮಾನ್ಯವಾಗಿ ಪ್ರತಿ 16 ಕೆಬಿಗೆ ಒಂದು ಐನೋಡ್ ಲೆಕ್ಕದಲ್ಲಿ ಮಾಡಿಡುತ್ತದೆ. 20 ಜಿಬಿ ಡಿಸ್ಕ್‌ಗೆ ಸುಮಾರು 13 ಲಕ್ಷ. ಡಿಸ್ಕ್ ದೊಡ್ಡದು ಮಾಡದೆ ಈ ಸಂಖ್ಯೆ ಏರುವುದಿಲ್ಲ. ಎಕ್ಸ್‌ಎಫ್‌ಎಸ್ ಎಂಬ ಇನ್ನೊಂದು ಫೈಲ್‌ಸಿಸ್ಟಮ್ ಬಳಸುವವರಿಗೆ ಈ ಕಾಟ ಕಡಿಮೆ, ಅದು ಬೇಕಾದಂತೆ ಐನೋಡ್ ಮಾಡಿಕೊಳ್ಳುತ್ತದೆ.

`ಡಿಯು --ಐನೋಡ್ಸ್ -ಎಕ್ಸ್ -ಡಿ1 / | ಸಾರ್ಟ್ -ಎನ್`

ಪಿಎಚ್‌ಪಿ ಸೆಷನ್ ಫೋಲ್ಡರ್, ಕ್ಯಾಶ್ ಫೋಲ್ಡರ್, ಕಳಿಸಲಾಗದ ಮೇಲ್‌ಗಳ ಸಾಲು, ಇವು ಹಳೆಯ ಗಿರಾಕಿಗಳು. ಅಳಿಸಲು `ಆರ್‌ಎಂ *` ಹೊಡೆದರೆ "ಆರ್ಗ್ಯುಮೆಂಟ್ ಲಿಸ್ಟ್ ಟೂ ಲಾಂಗ್" ಎಂದು ಬೈಸಿಕೊಳ್ಳುತ್ತೀರಿ. ಆ ಫೋಲ್ಡರಿನ ಒಳಗೆ ನಿಂತು:

`ಫೈಂಡ್ . -ಟೈಪ್ ಎಫ್ -ಎಂಟೈಮ್ +7 -ಡಿಲೀಟ್`

ಎಂಟು ದಿನ ಅಥವಾ ಅದಕ್ಕಿಂತ ಹಳೆಯದು ಹೋಗುತ್ತದೆ. ಮೊದಲು ಕೊನೆಯ ಪದ ತೆಗೆದು ಒಮ್ಮೆ ಓಡಿಸಿ, ಏನೇನು ಪಟ್ಟಿಯಲ್ಲಿ ಬರುತ್ತದೆ ಎಂದು ಕಣ್ಣಾಡಿಸಿ.

ಡಿಸ್ಕ್‌ದಲ್ಲದ ತಪ್ಪಿಗೆ ಡಿಸ್ಕ್‌ಗೆ ಬೈಗುಳ

ಜಾಗ ಇದೆ, ಐನೋಡ್ ಇದೆ, ಆದರೂ "ನೋ ಸ್ಪೇಸ್" ಎನ್ನುತ್ತಿದೆ. ಯಾರು ಹೇಳುತ್ತಿದ್ದಾರೆ ನೋಡಿ. ಫೈಲ್ ಬದಲಾವಣೆ ಕಾಯುವ ಪ್ರೋಗ್ರಾಂ ಆಗಿದ್ದರೆ ಮುಗಿದಿರುವುದು ಐನೋಟಿಫೈ ವಾಚ್‌ಗಳು. ಕರ್ನಲ್ ಅದಕ್ಕೂ ಅದೇ ಎರರ್ ಕೊಡುತ್ತದೆ. `ಎಫ್‌ಎಸ್.ಐನೋಟಿಫೈ.ಮ್ಯಾಕ್ಸ್_ಯೂಸರ್_ವಾಚಸ್` ಎಂಬ ಕರ್ನಲ್ ಮಿತಿಯನ್ನು ಏರಿಸಿದರೆ ಸಾಕು.

"ರೀಡ್-ಓನ್ಲಿ ಫೈಲ್ ಸಿಸ್ಟಮ್" ಎಂದು ಬಂದರೆ ಅದು ಬೇರೆಯೇ ಕಾಯಿಲೆ. ಡಿಸ್ಕ್‌ನಲ್ಲಿ ಏನೋ ಕೆಟ್ಟಿದೆ ಎಂದು ಕರ್ನಲ್ ಬರೆಯುವುದನ್ನೇ ನಿಲ್ಲಿಸಿರಬಹುದು. `ಡಿಎಂಇಎಸ್‌ಜಿ -ಟಿ` (ಟಿ ದೊಡ್ಡಕ್ಷರ) ನೋಡಿ. ಐ/ಒ ಎರರ್ ಸಾಲುಗಳಿದ್ದರೆ ಮೊದಲು ಡೇಟಾ ಬೇರೆ ಕಡೆ ನಕಲು ಮಾಡಿ. ಮೌಂಟ್ ಆಗಿರುವ ಡಿಸ್ಕ್ ಮೇಲೆ `ಎಫ್‌ಎಸ್‌ಸಿಕೆ` (ಫೈಲ್‌ಸಿಸ್ಟಮ್ ಸರಿಪಡಿಸುವ ಕಮ್ಯಾಂಡ್) ರಿಪೇರಿ ಮಾತ್ರ ಬೇಡ.

ಕನ್ನಡ ಸೈಟ್ ನಡೆಸುವವರಿಗೆ ಚೆನ್ನಾಗಿ ಗೊತ್ತಿರುವ ಒಂದು ದೋಷ ಇದೆ: "ಫೈಲ್ ನೇಮ್ ಟೂ ಲಾಂಗ್". ಇಎಕ್ಸ್‌ಟಿ4ನಲ್ಲಿ ಫೈಲ್ ಹೆಸರು 255 ಬೈಟ್ ದಾಟುವಂತಿಲ್ಲ. ಯುಟಿಎಫ್-8ನಲ್ಲಿ ಕನ್ನಡದ ಒಂದೊಂದು ಯುನಿಕೋಡ್ ಸಂಕೇತಕ್ಕೂ 3 ಬೈಟ್ ಬೇಕು. ಅಂದರೆ 85 ಸಂಕೇತ. ಒತ್ತಕ್ಷರ, ಕಾಗುಣಿತ ಎಲ್ಲ ಬೇರೆ ಬೇರೆ ಎಣಿಕೆ. "ಸ್ತ್ರೀ" ಎಂಬ ಒಂದೇ ಅಕ್ಷರಕ್ಕೆ ಆರು ಸಂಕೇತ, 18 ಬೈಟ್. ಲೇಖನದ ಶೀರ್ಷಿಕೆಯನ್ನೇ ಫೈಲ್ ಹೆಸರು ಮಾಡುವ ಸಾಫ್ಟ್‌ವೇರ್ ಇಂಗ್ಲಿಷಿಗೆ ಸರಿಯಾಗಿ ನಡೆದು ಕನ್ನಡಕ್ಕೆ ಮುಗ್ಗರಿಸುವುದು ಇಲ್ಲೇ. ಶೀರ್ಷಿಕೆ ಡೇಟಾಬೇಸಿನಲ್ಲಿ ಇರಲಿ, ಫೈಲಿಗೆ ಸಂಖ್ಯೆ ಕೊಡಿ.

ಜಾಗ ಸಿಕ್ಕ ಮೇಲೆ

ಮೈಎಸ್‌ಕ್ಯುಎಲ್ ಡೇಟಾಬೇಸ್ ಡಿಸ್ಕ್ ತುಂಬಿದಾಗ ಕೆಲವು ಬರವಣಿಗೆಗಳನ್ನು ತಡೆಹಿಡಿದು, ನಿಮಿಷಕ್ಕೊಮ್ಮೆ ಜಾಗ ಬಂತಾ ಎಂದು ನೋಡುತ್ತದೆ. ಹಾಗಾಗಿ ಜಾಗ ಬಿಡಿಸಿದ ತಕ್ಷಣ ಎದ್ದು ಕೂರದಿದ್ದರೆ ಒಂದು ನಿಮಿಷ ತಾಳಿ. `ಸಿಸ್ಟಂಸಿಟಿಎಲ್ --ಫೇಲ್ಡ್` ನೋಡಿ, ಬಿದ್ದಿರುವ ಸರ್ವಿಸ್‌ಗಳನ್ನು ಎಬ್ಬಿಸಿ. ತುಂಬಿದ್ದ ಹೊತ್ತಿನಲ್ಲಿ ಸೊನ್ನೆ ಬೈಟ್ ಆದ ಫೈಲ್ ಇದೆಯಾ ಎಂದು /ಇಟಿಸಿ ಒಳಗೆ ಹುಡುಕಿ:

`ಫೈಂಡ್ /ಇಟಿಸಿ -ಟೈಪ್ ಎಫ್ -ಸೈಜ್ 0 -ಎಂಟೈಮ್ -1`

ಏಳೂವರೆಯ ಭೂತ

ನನ್ನ ಕಥೆ ಅಲ್ಲಿಗೆ ಮುಗಿಯಲಿಲ್ಲ. ಲಾಗ್ ಹೋಯಿತು, 6 ಜಿಬಿ ಖಾಲಿ ಆಯಿತು, ಕಾಫಿ ಬಿಸಿ ಮಾಡಿ ಕುಡಿದೆ. ಮರುದಿನ ಬೆಳಗ್ಗೆ ಅದೇ ಹೊತ್ತಿಗೆ ಮತ್ತೆ ಫೋನ್. ಲಾಗಿನ್ ಆಗಿ ನೋಡುವಷ್ಟರಲ್ಲಿ ಸೈಟ್ ಸರಿಯಾಗಿತ್ತು. `ಡಿಎಫ್` ಪ್ರಕಾರ 6 ಜಿಬಿ ಖಾಲಿಯೇ ಇದೆ. ಎರರ್ ಲಾಗ್ ತೆರೆದರೆ "ನೋ ಸ್ಪೇಸ್" ಸಾಲುಗಳ ಸಮಯ 02:04. ರಾತ್ರಿ ಎರಡು ಗಂಟೆಗೆ ಸೈಟಿಗೆ ಯಾರು ಬರುತ್ತಾರೆ? ಇದು ಬೇರೆ ಯಾವುದೋ ಎಂದು ಪಕ್ಕಕ್ಕೆ ಸರಿಸಿದೆ. ಅರ್ಧ ದಿನ ಹಾಳಾಯಿತು.

ಹೀಗೆ ಬಂದು ಹೋಗುವ ದೋಷವನ್ನು ಹಿಡಿಯಲು ನಿಮಿಷಕ್ಕೊಮ್ಮೆ `ಡೇಟ್` ಮತ್ತು `ಡಿಎಫ್` ಬರೆದಿಡುವ ಒಂದು ಕ್ರಾನ್ (ನಿಗದಿತ ಸಮಯಕ್ಕೆ ಕಮ್ಯಾಂಡ್ ಓಡಿಸುವ ವ್ಯವಸ್ಥೆ) ಸಾಲು ಸಾಕು. ಆದರೆ ಬರೆಯುವುದು ಎಲ್ಲಿಗೆ? ತುಂಬುವ ಡಿಸ್ಕ್‌ಗೇ ಬರೆದರೆ, ಬೇಕಾದ ಆ ನಿಮಿಷದ ಸಾಲೇ ಇರುವುದಿಲ್ಲ. /ಡೆವ್/ಎಸ್‌ಎಚ್‌ಎಂ ಒಳಗೆ ಬರೆಯಿರಿ. ಅದು ರ‍್ಯಾಮ್‌ನಲ್ಲಿರುತ್ತದೆ.

ಮರುದಿನ ಪಟ್ಟಿ ನೋಡಿದೆ. 02:00ಕ್ಕೆ ಶುರುವಾಗಿ ನಿಮಿಷ ನಿಮಿಷಕ್ಕೂ ಜಾಗ ಇಳಿಯುತ್ತದೆ. 02:04ಕ್ಕೆ ಸೊನ್ನೆ. 02:06ಕ್ಕೆ ಮತ್ತೆ 6 ಜಿಬಿ. ಆಗ ತಲೆಗೆ ಹೊಳೆಯಿತು. ಸರ್ವರ್ ಗಡಿಯಾರ ಯುಟಿಸಿಯಲ್ಲಿದೆ. ಐದೂವರೆ ಗಂಟೆ ಸೇರಿಸಿ. 02:04 ಅಂದರೆ ನಮ್ಮ ಬೆಳಗಿನ 7:34. `ಟೈಮ್‌ಡೇಟ್‌ಸಿಟಿಎಲ್` ಒಮ್ಮೆ ನೋಡಿದ್ದರೆ ಮೊದಲ ದಿನವೇ ಗೊತ್ತಾಗುತ್ತಿತ್ತು.

ರಾತ್ರಿ ಎರಡಕ್ಕೆ ಎಂದುಕೊಂಡು ನಾನೇ ಹಾಕಿದ್ದ ಬ್ಯಾಕಪ್ ಜನ ಸೈಟಿಗೆ ಬರುವ ಹೊತ್ತಿಗೆ ಸರಿಯಾಗಿ ಓಡುತ್ತಿತ್ತು. ಮೊದಲು 5 ಜಿಬಿಯ ಡಂಪ್ (ಡೇಟಾಬೇಸಿನ ಪೂರ್ತಿ ನಕಲು), ಆಮೇಲೆ ಅದರ ಪಕ್ಕದಲ್ಲೇ ಅದರ ಜಿಪ್. ಎರಡೂ ಸೇರಿ 6 ಜಿಬಿ ದಾಟುತ್ತಿತ್ತು. ಸೋತ ಸ್ಕ್ರಿಪ್ಟ್ ತನ್ನ ತಾತ್ಕಾಲಿಕ ಫೈಲುಗಳನ್ನು ಶಿಸ್ತಾಗಿ ಅಳಿಸಿ ಹೋಗುತ್ತಿತ್ತು. ಅಂದರೆ ಬ್ಯಾಕಪ್ ಕೂಡ ಆಗುತ್ತಿರಲಿಲ್ಲ. ನಿಜಕ್ಕೂ ಎದೆ ಧಸಕ್ ಎಂದದ್ದು ಆಗ.

ಈಗ ಡಂಪನ್ನು ಡಿಸ್ಕ್‌ಗೆ ಇಳಿಸದೆ ಪೈಪ್ ಮೂಲಕ (ಒಂದು ಕಮ್ಯಾಂಡಿನ ಔಟ್‌ಪುಟ್ ಇನ್ನೊಂದಕ್ಕೆ ಕೊಡುವ | ಚಿಹ್ನೆ) ನೇರ ಜಿಜಿಪ್‌ಗೆ, ಅಲ್ಲಿಂದ ಎಸ್‌ಎಸ್‌ಎಚ್‌ನಲ್ಲಿ ಬೇರೆ ಮಷಿನ್‌ಗೆ ಕಳಿಸುತ್ತೇನೆ. ಸ್ಕ್ರಿಪ್ಟಿನ ಮೇಲೆ `ಸೆಟ್ -ಒ ಪೈಪ್‌ಫೇಲ್` ಇದೆ. ಅದಿಲ್ಲದಿದ್ದರೆ ಡಂಪ್ ಅರ್ಧಕ್ಕೆ ಸತ್ತರೂ ಪೈಪಿನ ಕೊನೆಯ ಕಮ್ಯಾಂಡ್ ಗೆದ್ದಿತು ಎಂದು "ಎಲ್ಲ ಸರಿ" ವರದಿ ಬರುತ್ತದೆ. ಕ್ರಾನ್‌ನಲ್ಲಿ ಸಮಯ 20:30 ಎಂದು ಬದಲಿಸಿದೆ, ನಮ್ಮ ರಾತ್ರಿ ಎರಡು. ಕ್ರಾನ್ ಸಾಲಿನಲ್ಲೇ ತಾರೀಖು ಬರೆಸುವುದಾದರೆ ಶೇಕಡಾ ಚಿಹ್ನೆಯ ಮುಂದೆ ಬ್ಯಾಕ್‌ಸ್ಲ್ಯಾಶ್ ಹಾಕಿ, ಇಲ್ಲದಿದ್ದರೆ ಕ್ರಾನ್ ಅದನ್ನು ಸಾಲಿನ ಕೊನೆ ಎಂದುಕೊಳ್ಳುತ್ತದೆ. ಮತ್ತೆ, ಬ್ಯಾಕಪ್ ಫೈಲಿನ ಹೆಸರಿನಲ್ಲಿ ಹಿಂದಿನ ದಿನದ ತಾರೀಖು ಬರುತ್ತದೆ. ಯುಟಿಸಿಯಲ್ಲಿ ಅದಿನ್ನೂ ನಿನ್ನೆ.